ಬೂಸರು ಹಿಡಿಯದ ರೊಟ್ಟಿ

ಜೂನ್ ೧೪, ೧೯೫೪, ಹುನ್ನೂರ

ಬೆಳಗ್ಗೆ ಜ್ವರ ೯೯. ಸಂಜೆ ೯೯.೬. ಕೆಮ್ಮು ಇದೆ. ರಕ್ತವಿಲ್ಲ.

ನಿನ್ನೆ ಮಿರಜದಿಂದ ಅಕ್ಕನ ಊರಿಗೆ ಬಂದೆ. ದವಾಖಾನೆಯಲ್ಲಿ ನಾಲ್ಕು ತಿಂಗಳು ಮಲಗಿದ್ದಾಯಿತು. ಇಂಜೆಕ್ಷನ್ ಚುಚ್ಚಿಸಿಕೊಂಡು ಚುಚ್ಚಿಸಿಕೊಂಡು ಕೂರಲು ಜಾಗ ಉಳಿಯದಂತಾಯಿತು. ಕಫದಲ್ಲಿ ಈಗ ಕ್ಷಯದ ಕ್ರಿಮಿ ಕಾಣುವುದಿಲ್ಲವಂತೆ. ಆದರೆ ಬಲ ಎದೆಯ ಮೇಲ್ಭಾಗದಲ್ಲಿ ಕಲೆ ಹಾಗೇ ಇದೆ. ಆರು ತಿಂಗಳು ಗುಳಿಗೆ, ಹಾಲು, ವಿಶ್ರಾಂತಿ. ಡಿಸೆಂಬರದಲ್ಲಿ ಮತ್ತೆ ಎಕ್ಸ್-ರೇ. ಕಲೆ ಒಣಗಿದ್ದರೆ ಪಾರು. ಇಲ್ಲದಿದ್ದರೆ ಪಕ್ಕೆಲುಬು ಕತ್ತರಿಸುವ ಆಪರೇಶನ್. ನನ್ನ ಸಾಲಿನ ಮಂಚಗಳಲ್ಲಿ ಅಂಥ ಆಪರೇಶನ್ ಮಾಡಿಸಿಕೊಂಡವರು ಮೂವರಿದ್ದರು. ಅವರು ಒಂದು ಕಡೆ ವಾಲಿ ನಡೆಯುವುದನ್ನು ನೋಡಿ ಬಂದಿದ್ದೇನೆ.

ಅಕ್ಕ ಮಾಯವ್ವ, ಮಾವ ಅಮಸಿದ್ದಪ್ಪ ಊರ ಹೊರಗಿನ ತೋಟದಲ್ಲಿ, ಬಾವಿಯ ಪಕ್ಕ, ನನಗೊಂದು ಗುಡಿಸಲು ಹಾಕಿಸಿದ್ದಾರೆ. ನಾನೇ ಕೇಳಿದ್ದು. ಮನೆಯಲ್ಲಿ ಎರಡು ಸಣ್ಣ ಮಕ್ಕಳಿವೆ. ತಾಟು ಬೇರೆ, ತಂಬಿಗೆ ಬೇರೆ. ಅಕ್ಕ ರೊಟ್ಟಿಯನ್ನು ಬಾಗಿಲಲ್ಲಿಟ್ಟು ದೂರ ನಿಂತು ಮಾತಾಡುತ್ತಾಳೆ. ಅದನ್ನೂ ನಾನೇ ಹೇಳಿಕೊಟ್ಟದ್ದು. ಆದರೂ ಅವಳು ಒಂದು ಮಾತೂ ಎದುರಾಡದೆ ಒಪ್ಪಿಬಿಟ್ಟಳು.

ನನಗೀಗ ಇಪ್ಪತ್ತಾರು. ಧಾರವಾಡದಲ್ಲಿ ಎಂ.ಎಸ್ಸಿ.ಗೆಂದು ಪುದೀನಾ ಎಲೆಯ ಎಣ್ಣೆ ಇಳಿಸಿ ಅದರೊಳಗೆ ಏನೇನಿದೆ ಎಂದು ಬೇರೆ ಮಾಡುತ್ತಿದ್ದೆ. ಪ್ರಬಂಧ ಅರ್ಧಕ್ಕೆ ನಿಂತಿದೆ. ಕುರಿ ಕಾಯುವವರ ಮನೆಯ ರೇವಪ್ಪ ಪ್ರಯೋಗಶಾಲೆಯ ಹೊಸ್ತಿಲು ದಾಟಿದ್ದೇ ದೊಡ್ಡದು ಎಂದು ಇನ್ನು ಸಮಾಧಾನ ಮಾಡಿಕೊಳ್ಳಬೇಕು.

ಜೂನ್ ೧೬

೯೯.೨. ೯೯.೮. ಮಲಗಿದ್ದೆ.

ಜೂನ್ ೨೪

೯೯. ೯೯.೪. ನಸುಕಿನಲ್ಲಿ ಕೆಮ್ಮು ಹೆಚ್ಚು. ಮಳೆ ಹತ್ತಿದೆ.

ಬಾವಿಯ ನೀರು ಹರಿದು ಹೋಗುವ ಕಡೆಯಿಂದ ಗುರುತಿನ ವಾಸನೆ ಬಂತು. ಎದ್ದು ಹೋಗಿ ನೋಡಿದರೆ ಪುದೀನಾ. ಹತ್ತಾರು ಮಾರು ಹಬ್ಬಿದೆ. ಧಾರವಾಡದಲ್ಲಿ ಸಂತೆಯಿಂದ ಕಟ್ಟು ಕಟ್ಟು ಕೊಂಡು ತರುತ್ತಿದ್ದೆ, ಇಲ್ಲಿ ಎಮ್ಮೆ ತುಳಿದು ಹೋಗುತ್ತಿದೆ.

ಅಲ್ಲಿ ಮಾವನ ತಾಯಿ ಲಗಮವ್ವ ಆಯಿ ಸೊಪ್ಪು ಚಿವುಟುತ್ತಿದ್ದಳು. ಯಾರು ಹಚ್ಚಿದ್ದು ಎಂದು ಕೇಳಿದೆ.

"ನಿಮ್ಮ ಮಾವನ ಅಪ್ಪ. ಜಮಖಂಡಿ ಸಂತ್ಯಾಗಿಂದ ಒಂದ ಕಡ್ಡಿ ತಂದಿದ್ದ. ಅವ ಹೋಗಿ ಒಂಬತ್ತ ವರ್ಷ ಆತು, ಇದು ಸಾಯವಲ್ದು."

ಮಾತಾಡುತ್ತಲೇ ಗುಡಿಸಲೊಳಗೆ ಬಂದು, ನನ್ನ ಹಾಸಿಗೆಯ ಪಕ್ಕ ಕುಳಿತು, ಸೆರಗಿನ ಗಂಟಿನಿಂದ ಬೀರಪ್ಪ ದೇವರ ಅರಿಶಿಣದ ಭಂಡಾರ ತೆಗೆದು ಹಣೆಗೆ ಹಚ್ಚಿದಳು.

"ಆಯಿ, ದೂರ ಕುಂದರ. ನಂದು ಒಬ್ಬರಿಂದ ಒಬ್ಬರಿಗೆ ಹತ್ತೂ ಬ್ಯಾನಿ."

"ಎಪ್ಪತ್ತ ದಾಟ್ಯಾವಲೇ ನನಗ. ನನ್ನ ತಿನ್ನಬೇಕಂದ್ರ ನಿನ್ನ ಬ್ಯಾನಿಗೆ ಗಟ್ಟಿ ಹಲ್ಲ ಬೇಕು."

ನಾಲ್ಕು ತಿಂಗಳಲ್ಲಿ ಡಾಕ್ಟರು, ನರ್ಸು ಬಿಟ್ಟರೆ ನನ್ನನ್ನು ಯಾರೂ ಮುಟ್ಟಿರಲಿಲ್ಲ.

ಜುಲೈ ೩

೯೯. ೯೯.೨.

ಆಯಿಯ ಜೊತೆ ಜಗಳ. ಮಾವ ಕುರಿ ಹೊಡೆದುಕೊಂಡು ನಾಲ್ಕಾರು ದಿನ ಹೊರಗೆ ಹೋಗುವಾಗ ಅವಳು ರೊಟ್ಟಿಯ ಗಂಟಿನಲ್ಲಿ ಪುದೀನಾ ಎಲೆ ಇಡುತ್ತಾಳೆ. ಹಾಗೆ ಇಟ್ಟರೆ ಮಳೆಗಾಲದಲ್ಲೂ ರೊಟ್ಟಿಗೆ ಬೂಸರು ಬರುವುದಿಲ್ಲವಂತೆ.

"ಖಡಕ್ ರೊಟ್ಟಿಗೆ ಹಂಗೂ ಬೂಸರ ಬರೂದಿಲ್ಲ ಆಯಿ. ಅದು ಒಣಗಿರತೈತಿ."

"ನೀ ಕಲತಾಂವ ಅದೀಯಲ್ಲ, ತೋರಸ."

ಸರಿ, ತೋರಿಸುತ್ತೇನೆ ಎಂದು ಎದ್ದೆ. ಆರು ಮಣ್ಣಿನ ಪಣತಿ, ಮುಚ್ಚಲು ಇನ್ನಾರು ತರಿಸಿ ಕುದಿಯುವ ನೀರಲ್ಲಿ ಅದ್ದಿ ತೆಗೆದೆ. ಒಂದೇ ರೊಟ್ಟಿಯನ್ನು ಆರು ತುಂಡು ಮಾಡಿ ನೀರು ಚಿಮುಕಿಸಿದೆ. ಎರಡು ಪಣತಿಗೆ ಏನೂ ಹಾಕಲಿಲ್ಲ. ಎರಡಕ್ಕೆ ಜಜ್ಜಿದ ಎಲೆ, ಎರಡಕ್ಕೆ ಎಲೆ ಕುದಿಸಿದ ಕಷಾಯ. ಎಲ್ಲದರ ಮೇಲೂ ಮತ್ತೊಂದು ಪಣತಿ ಮುಚ್ಚಿ ನೆರಳಲ್ಲಿಟ್ಟೆ. ಸುಣ್ಣದಿಂದ ಗುರುತು ಮಾಡಿದೆ.

"ಈ ಎರಡಕ್ಕ ಏನೂ ಹಾಕಿಲ್ಲಲ್ಲೋ. ಅವೇನ ಪಾಪ ಮಾಡ್ಯಾವ?"

"ಅವು ಸಾಕ್ಷಿ, ಆಯಿ. ಅವು ಇರಲಿಕ್ಕರ ಯಾರ ಹೇಳಿದ್ದು ಖರೆ ಅಂತ ತಿಳಿಯೂದಿಲ್ಲ."

ಬಾವಿಗೂ ಗುಡಿಸಲಿಗೂ ಏಳೆಂಟು ಸಲ ಓಡಾಡಿದೆ. ಆಮೇಲೆ ಒಂದು ತಾಸು ಮಲಗಬೇಕಾಯಿತು.

ಜುಲೈ ೮

ಏನೂ ಹಾಕದ ರೊಟ್ಟಿಗೆ ಮೂರನೆಯ ದಿನವೇ ಬಿಳಿ ನೂಲಿನಂಥದ್ದು ಬಂದು, ಈಗ ಹಸಿರುಗಪ್ಪು. ಕಷಾಯ ಹಾಕಿದ್ದೂ ಹಾಗೇ. ಜಜ್ಜಿದ ಎಲೆಯದು ನಾಲ್ಕನೆಯ ದಿನ ಹಿಡಿಯಿತು.

"ನೋಡ, ಒಂದ ದಿನ ತಡದೈತಿ!" ಎಂದಳು ಆಯಿ.

"ಒಂದ ದಿನ ಅಷ್ಟ," ಎಂದೆ ನಾನು.

ಇಬ್ಬರೂ ಗೆದ್ದಿದ್ದೇವೆ. ಆದರೆ ಆ ಒಂದು ದಿನ ತಲೆಯಲ್ಲಿ ಕೊರೆಯುತ್ತಿದೆ. ಎಲೆಯಲ್ಲಿ ನೂರಕ್ಕೆ ಎಂಬತ್ತೈದು ಪಾಲು ನೀರು, ಎಣ್ಣೆ ನೂರಕ್ಕೆ ಅರ್ಧ ಪಾಲೂ ಇಲ್ಲ. ಬರೀ ಎಣ್ಣೆಯನ್ನೇ ಇಟ್ಟರೆ?

ಜುಲೈ ೧೧

ಇವತ್ತು ನಗಬೇಕೋ ಹೆದರಬೇಕೋ ತಿಳಿಯದ ದಿನ.

ತಾಮ್ರದ ಕೊಡದಲ್ಲಿ ಅರ್ಧ ನೀರು, ಮೇಲೆ ಎರಡು ಬುಟ್ಟಿ ಎಲೆ. ಬಾಯಿಗೆ ಮಡಕೆಯ ಮುಚ್ಚಳ ಕವುಚಿ ಕಣಕದಿಂದ ಮೆತ್ತಿ, ಮುಚ್ಚಳದ ತೂತಿಗೆ ಬಿದಿರ ನಳಿಗೆ ಸಿಕ್ಕಿಸಿದೆ. ನಳಿಗೆಯ ಇನ್ನೊಂದು ತುದಿ ತಣ್ಣೀರಲ್ಲಿ ಕೂರಿಸಿದ ಹಿತ್ತಾಳೆ ತಂಬಿಗೆಗೆ. ಆಯಿ ಕುಳ್ಳು ಹಾಕುತ್ತ ಒಲೆ ನೋಡಿಕೊಂಡಳು. ನಾನು ನಳಿಗೆಯ ಮೇಲೆ ಒದ್ದೆ ಗೋಣಿ ಬದಲಿಸುತ್ತ ಕುಳಿತೆ.

ಆವಿ ತಣಿದು ಹನಿ ಹನಿಯಾಗಿ ಬೀಳತೊಡಗಿತ್ತು. ಅಷ್ಟರಲ್ಲಿ ಹೊರಗೆ ಬೂಟಿನ ಸಪ್ಪಳ. ಪೊಲೀಸ ಪಾಟೀಲ ಬಾಳಾಸಾಹೇಬರು, ಹಿಂದೆ ತಳವಾರ. ಪಾಟೀಲರು ಕೊಡ ನೋಡಿದರು, ನಳಿಗೆ ನೋಡಿದರು, ತಂಬಿಗೆ ನೋಡಿದರು.

"ರೇವಪ್ಪಾ, ಮುಂಬೈ ಸರಕಾರ ದಾರೂಬಂದಿ ಮಾಡಿ ಐದ ವರ್ಷ ಆತು. ಬ್ಯಾನಿ ಮನಷ್ಯಾ ಅಂತ ಸುಮ್ಮನ ಇದ್ದರ ನೀ ತ್ವಾಟದಾಗ ಬಟ್ಟಿ ಹಚ್ಚೀಯಲ್ಲೋ!"

ಆಯಿ ಎದ್ದು ತಂಬಿಗೆಯನ್ನೇ ಅವರ ಮೂಗಿಗೆ ಹಿಡಿದಳು.

"ಮೂಸಿ ಮಾತಾಡ್ರಿ ಪಾಟೀಲ್ರ."

ಅವರು ಮೂಸಿದರು. ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿಕೊಂಡರು. ಮತ್ತೊಮ್ಮೆ ಮುಟ್ಟಿಸಿಕೊಂಡರು. "ಕುಡದ್ರ ಏರತೈತೇನ?"

"ಇಲ್ಲರೀ. ಬಾಯಿ ನಾತ ಹೋಗತೈತಿ ಅಷ್ಟ."

ತಳವಾರ ಮುಖ ಆಕಡೆ ತಿರುಗಿಸಿ ನಕ್ಕ. ಪಾಟೀಲರೂ ನಕ್ಕರು. ಎರಡು ತಾಸು ಅಲ್ಲೇ ಕಲ್ಲ ಮೇಲೆ ಕುಳಿತು, ಇದು ಏನು, ಎದಕ್ಕೆ ಎಂದು ಎಲ್ಲ ಕೇಳಿ ತಿಳಿದುಕೊಂಡರು. ಎರಡು ಬುಟ್ಟಿ ಎಲೆಯಿಂದ ನೀರಿನ ಮೇಲೆ ತೇಲಿ ಬಂದ ಎಣ್ಣೆ ಒಂದು ಚಮಚೆ. ತಿಳಿಹಳದಿ. ಸೀಸೆಯನ್ನು ಬಿಸಿಲಿಗೆ ಹಿಡಿದು ನೋಡುತ್ತ ನಿಂತಿದ್ದೆ. ಧಾರವಾಡ ಬಿಟ್ಟ ಮೇಲೆ ಇಷ್ಟು ಛಲೋ ಎನಿಸಿರಲಿಲ್ಲ.

ಸಂಜೆ ೯೮.೮.

ಜುಲೈ ೧೯

ಹನ್ನೆರಡು ಪಣತಿ ಇಟ್ಟಿದ್ದೆ. ಎಣ್ಣೆಯನ್ನು ರೊಟ್ಟಿಗೆ ಹಚ್ಚಲಿಲ್ಲ. ಒಂದೊಂದು ಹನಿಯನ್ನು ಹತ್ತಿಗೆ ಹಾಕಿ ಮೇಲಿನ ಪಣತಿಯ ಒಳಮೈಗೆ ಅಂಟಿಸಿದೆ. ರೊಟ್ಟಿಗೆ ತಾಗಿದ್ದು ಬರೀ ಅದರ ಆವಿ.

ಸಾಕ್ಷಿಯ ರೊಟ್ಟಿ ಬೆಕ್ಕಿನ ಮೈಯಂತಾಗಿದೆ. ಎಣ್ಣೆಯ ಹನಿ ಇದ್ದದ್ದು ಏಳನೆಯ ದಿನವೂ ಹೇಗಿತ್ತೋ ಹಾಗೆ.

ಆಯಿಗೆ ವಿವರಿಸಿದೆ. ಈ ಎಣ್ಣೆಯಲ್ಲಿ ಹೆಚ್ಚಿನ ಪಾಲು ಕಾರ್ವೋನ್ ಎಂಬ ಒಂದು ವಸ್ತು. ಪಿಪರಮಿಂಟ್ ಗುಳಿಗೆಯಲ್ಲಿ ಬಾಯಿ ತಣ್ಣಗೆ ಮಾಡುವ ಮೆಂಥಾಲ್ ಬೇರೆ. ಅದು ಬೇರೆ ಜಾತಿಯ ಗಿಡದಲ್ಲಿ ಹೆಚ್ಚು, ನಮ್ಮ ಈ ಪುದೀನಾದಲ್ಲಿ ಇಲ್ಲವೆಂದರೂ ನಡೆಯುತ್ತದೆ. ಈ ವಸ್ತುಗಳು ಗಾಳಿಗೆ ಹಾರಿಹೋಗುವಂಥವು. ಎಲೆಯನ್ನು ಬಾಯಿ ತೆರೆದ ಪಾತ್ರೆಯಲ್ಲಿ ಕುದಿಸಿದರೆ ಎಣ್ಣೆಯೆಲ್ಲ ಆವಿಯ ಜೊತೆ ಹಾರಿಹೋಗುತ್ತದೆ, ಕಷಾಯದಲ್ಲಿ ಉಳಿಯುವುದು ಬಣ್ಣ ಮತ್ತು ಒಗರು. ಗಿಡ ಇದನ್ನು ನಮಗಾಗಿ ಮಾಡಿಕೊಂಡದ್ದಲ್ಲ. ಹುಳ ಹುಪ್ಪಟೆ, ಬೂಸರು ತನ್ನನ್ನು ತಿನ್ನದಿರಲಿ ಎಂದು ಮಾಡಿಕೊಂಡಿರಬೇಕು.

ಆಯಿ ಎಲ್ಲ ಕೇಳಿ, "ಅಂದ್ರ ನಾ ಹೇಳಿದ್ದ ಖರೆ ಆತು," ಎಂದಳು.

ಹೌದು ಎನ್ನಬೇಕಾಯಿತು.

ಜುಲೈ ೨೮

ಪಾಟೀಲರು ಊರಿಗೆಲ್ಲ ಹೇಳಿದ್ದಾರೆ. ಹಲ್ಲು ನೋವಿಗೆ ಹತ್ತಿಯಲ್ಲಿ ಒಂದು ಹನಿ ಇಟ್ಟುಕೊಂಡರಂತೆ, ಕಮ್ಮಿಯಾಯಿತಂತೆ. ನಿನ್ನೆ ಐದು ಜನ ಬಂದಿದ್ದರು, ಇವತ್ತು ಏಳು. ಕ್ಷಯದವನ ಗುಡಿಸಲಿನ ಹತ್ತಿರ ಸುಳಿಯದಿದ್ದವರು ಈಗ ಒಳಗೇ ಬಂದು ಕೂರುತ್ತಾರೆ. "ಕ್ರಿಮಿ ಕೊಲ್ಲೂ ಎಣ್ಣಿ ಕೊಡೋ ತಮ್ಮಾ."

ಹಾಲಿಗೂ ಹಾಕಿ ನೋಡಿದೆ. ಎರಡು ಹನಿ ಹಾಕಿದ ಹಾಲು ಹುಳಿಯಾಗಲು ಅರ್ಧ ದಿನ ತಡವಾಯಿತು. ಆದರೆ ಹುಳಿಯಾಯಿತು. ಇದನ್ನು ಬಂದವರಿಗೆ ಹೇಳಲಿಲ್ಲ. ಯಾರೂ ಕೇಳಲೂ ಇಲ್ಲ.

ಇನ್ನೊಂದು ಮಾತು, ಇಲ್ಲಿ ಮಾತ್ರ ಬರೆಯುವುದು. ಮೂರು ದಿನ ಬಿಸಿನೀರಿಗೆ ಎಣ್ಣೆ ಹಾಕಿ ಕಂಬಳಿ ಮುಚ್ಚಿಕೊಂಡು ಆವಿ ಎಳೆದುಕೊಂಡೆ. ಬೂಸರನ್ನು ಕೊಂದದ್ದು ನನ್ನ ಎದೆಯೊಳಗಿನದನ್ನೂ ಕೊಂದೀತೋ ಎಂದು. ಮೂರನೆಯ ದಿನ ಕಣ್ಣಲ್ಲಿ ನೀರು ಬರುವಷ್ಟು ಕೆಮ್ಮು ಬಂದು ಬಿಟ್ಟುಬಿಟ್ಟೆ. ಪಣತಿಯಲ್ಲಿ ಸತ್ತದ್ದು ಎದೆಯಲ್ಲೂ ಸಾಯುತ್ತದೆಂದು ಯಾವ ಪುಸ್ತಕದಲ್ಲಿದೆ? ಕ್ಷಯದ ಕ್ರಿಮಿಯ ಮೈಗೆ ಮೇಣದ ಕವಚವಿದೆ ಎಂದು ಓದಿದವನು ನಾನೇ. ಗುಳಿಗೆ ಮಾತ್ರ ತಪ್ಪಿಸಿಲ್ಲ.

ಆಗಸ್ಟ್ ೨೦

ಪಕ್ಕದ ತೋಟದ ಹೊಳೆವ್ವ ಬಂದಿದ್ದಳು. ಗಂಡ ಕುರಿ ಹಿಂಡಿನ ಜೊತೆ ದೂರ ಹೋಗಿದ್ದಾನೆ, ನಮ್ಮ ಮಾವನೂ ಅವನ ಜೊತೆಗಿದ್ದಾನೆ. ಅವಳಿಗೆ ಏಳು ತಿಂಗಳು. ಸೊಂಟದ ಮೇಲೆ ಒಂದೂವರೆ ವರ್ಷದ ಮಗಳು ಅನಸವ್ವ. ಬೆಳಗಿನಿಂದ ಕೂಸಿಗೆ ಹೊಟ್ಟೆ ಕೆಟ್ಟು ನೀರಿನಂತೆ ಹೋಗುತ್ತಿದೆಯಂತೆ.

"ನಿನ್ನ ಔಷಧ ಕೊಡೋ ರೇವಪ್ಪಾ. ಹೊಟ್ಟ್ಯಾಗಿನ ಕ್ರಿಮಿ ಸಾಯಲಿ."

ಎಣ್ಣೆ ಕೊಡಲು ಧೈರ್ಯವಾಗಲಿಲ್ಲ, ಸಣ್ಣ ಕೂಸು. ಎಲೆ ಜಜ್ಜಿದ ನೀರು ಕೊಟ್ಟೆ. "ಎರಡ ದಿನ ನೋಡ. ಆಗಲಿಲ್ಲಂದ್ರ ಜಮಖಂಡಿಗೆ ಹೋಗೂಣು," ಎಂದೆ. ಅವಳು ನನ್ನ ಕಾಲು ಮುಟ್ಟಲು ಬಂದಳು. ಬೇಡ ಎಂದೆ. ಮನಸ್ಸಿಗೆ ಹಿತವಾಯಿತು ಎಂಬುದು ನಿಜ.

ಆಗಸ್ಟ್ ೨೩, ಜಮಖಂಡಿ

ದವಾಖಾನೆಯ ಕಟ್ಟೆಯ ಮೇಲೆ ಕುಳಿತು ಕಂಪೌಂಡರರು ಕೊಟ್ಟ ಕಾಗದದ ಮೇಲೆ ಬರೆಯುತ್ತಿದ್ದೇನೆ. ಕೈ ಸುಮ್ಮನಿರುವುದಿಲ್ಲ. ಬರೆದರೆ ಸುಮ್ಮನಾದೀತು.

ಇವತ್ತು ಬೆಳಗ್ಗೆ ಅಕ್ಕ ಕೂಗಿಕೊಂಡು ಬಂದಳು. "ತಮ್ಮಾ, ಹೊಳೆವ್ವನ ಕೂಸು ಹ್ಯಾಂಗೋ ಮಾಡಾಕತ್ತೈತಿ!" ಹೋಗಿ ನೋಡಿದೆ. ಕಣ್ಣು ಗುಳಿ ಬಿದ್ದಿವೆ. ನೆತ್ತಿ ತಗ್ಗಿದೆ. ಹೊಟ್ಟೆಯ ಚರ್ಮ ಹಿಡಿದು ಬಿಟ್ಟರೆ ಬಿಟ್ಟಲ್ಲೇ ನಿಲ್ಲುತ್ತದೆ. ಅಳುತ್ತದೆ, ಕಣ್ಣೀರಿಲ್ಲ. ಪಕ್ಕದಲ್ಲಿ ನಾನು ಕೊಟ್ಟ ಪುದೀನಾ ನೀರಿನ ಬಟ್ಟಲು. ಹೊಳೆವ್ವ ನಾನು ಹೇಳಿದ್ದನ್ನು ಅಕ್ಷರ ತಪ್ಪದೆ ಪಾಲಿಸಿದ್ದಳು. ಎರಡು ದಿನ ನೋಡಿದ್ದಳು.

ಮೂರು ದಿನದಿಂದ ಮಳೆ. ಎರಿ ಭೂಮಿಯ ಹಾದಿ ಕಣಕದಂತಾಗಿದೆ, ಗಾಡಿಯ ಗಾಲಿ ಅಚ್ಚಿನತನಕ ಹೂಳುತ್ತದೆ. ಜಮಖಂಡಿ ಎರಡು ಹರದಾರಿ. ಗಂಡಸರೆಲ್ಲ ಹಿಂಡಿನ ಜೊತೆ. ಹೊಳೆವ್ವ ಏಳು ತಿಂಗಳ ಬಸುರಿ. ಅಕ್ಕನ ಚಿಕ್ಕದಕ್ಕೂ ಜ್ವರ.

"ನಾ ಒಯ್ತೀನಿ," ಎಂದೆ. ಅಂದ ಮೇಲೆ ನೆನಪಾಯಿತು, ನಾನು ಯಾರು ಎಂದು. "ಆದ್ರ ನನ್ನ ಉಸರ..."

ಹೊಳೆವ್ವ ಕೂಸನ್ನು ನನ್ನ ತೋಳಿಗೆ ಹಾಕಿಯೇ ಬಿಟ್ಟಳು. "ಅದು ಕಡೀ ಉಸರ ಬಿಡಾಕತ್ತೈತಿ. ನೀ ನಿನ್ನ ಉಸರಿಂದು ಹೇಳ್ತೀಯಲ್ಲೋ! ನಡಿ!"

ಬಾಯಿಗೆ ಪಂಜೆ ಕಟ್ಟಿಕೊಂಡೆ. ಲಗಮವ್ವ ಆಯಿ ಕಂಬಳಿಯ ಕೊಪ್ಪೆ ಮಾಡಿ ನನ್ನನ್ನೂ ಕೂಸನ್ನೂ ಸೇರಿಸಿ ಹೊದಿಸಿದಳು. ತಂಬಿಗೆಯ ತುಂಬ ಉಪ್ಪು ಹಾಕಿದ ಅಂಬಲಿಯ ತಿಳಿ ಕೊಟ್ಟಳು. "ನಾಕ ಹೆಜ್ಜಿಗೊಮ್ಮೆ ನಾಲಿಗಿ ತೋಯಸ. ಕಾರಿಕೊಂಡ್ರೂ ಬಿಡಬ್ಯಾಡ."

ಹಾದಿಯ ಬಗ್ಗೆ ಏನು ಬರೆಯಲಿ? ಹೆಜ್ಜೆ ಇಟ್ಟರೆ ಮಣ್ಣು ಕಾಲು ಬಿಡುವುದಿಲ್ಲ. ಮೊದಲು ಚಪ್ಪಲಿ ಹೋಯಿತು. ಹಳ್ಳದಲ್ಲಿ ತೊಡೆಯುದ್ದ ನೀರು, ಕೂಸನ್ನು ಹೆಗಲಿಗೆ ಏರಿಸಿ ದಾಟಿದೆ. ಪ್ರತಿ ಮರದ ಕೆಳಗೆ ನಿಂತು ಬೆರಳಲ್ಲಿ ತಿಳಿ ಕುಡಿಸಿದೆ. ಮೊದಲು ಕಾರಿಕೊಂಡಿತು. ಆಮೇಲೆ ಬೆರಳು ಚೀಪಿತು. ಆಮೇಲೆ ಚೀಪುವುದನ್ನೂ ಬಿಟ್ಟಿತು. ಅಲ್ಲಿಂದ ಮುಂದೆ ನಾನು ಓಡಿದೆ ಎಂದು ಕಾಣುತ್ತದೆ. ಊರ ಬಾಗಿಲು ಬಂದದ್ದು ನೆನಪಿದೆ, ನಡುವಿನದು ನೆನಪಿಲ್ಲ.

ದವಾಖಾನೆಯಲ್ಲಿ ಡಾಕ್ಟರ್ ಪರಮಾನಂದ ಅವರು ಕೈ ತೊಳೆಯುತ್ತಿದ್ದರು. ಕೂಸನ್ನು ನೋಡಿದವರೇ ಮೇಜಿನ ಮೇಲೆ ಮಲಗಿಸಿಕೊಂಡು ತೊಡೆಯ ಚರ್ಮದಡಿ ದಪ್ಪ ಸೂಜಿ ಇಳಿಸಿದರು. ಉಪ್ಪುನೀರು ಹನಿಯತೊಡಗಿದ ಮೇಲೆ ಕೇಳಿದರು.

"ಎಲ್ಲಿಂದ ಬಂದ್ರಿ?"

"ಹುನ್ನೂರದಿಂದ್ರಿ."

"ಗಾಡಿ ಹ್ಯಾಂಗ ಬಂತು ಇಂಥಾ ರಾಡ್ಯಾಗ?"

"ಗಾಡಿ ಇಲ್ಲರೀ. ನಡಕೊಂಡ ಬಂದೇನಿ."

ನಾನು ಎಲ್ಲ ಹೇಳಿದೆ. ಮಿರಜದ್ದು, ಪುದೀನಾದ್ದು, ಎರಡು ದಿನ ಕಾಯಿ ಎಂದದ್ದು. ಡಾಕ್ಟರು ನನ್ನ ಮುಖ ನೋಡಿದರು, ಮತ್ತೆ ಮಣ್ಣು ಮೆತ್ತಿದ ಕಾಲು ನೋಡಿದರು.

"ಪುದೀನಾ ಕೂಸಿಗೆ ಏನೂ ಮಾಡಿಲ್ಲ. ಆದ್ರ ಎರಡ ದಿನ ತಿಂದ ಹಾಕ್ತು," ಎಂದರು. "ಹಾದ್ಯಾಗ ಅಂಬಲಿ ತಿಳಿ ಕುಡಿಸಿದ್ರಲ್ಲ, ಅದು ಛಲೋ ಮಾಡಿದ್ರಿ."

ಮೊದಲ ಮಾತು ಕಿವಿಯಲ್ಲಿ ಕುಳಿತಿದೆ. ಎರಡನೆಯದನ್ನು ಆಯಿಗೆ ಹೇಳಬೇಕು.

ಅಕ್ಕನೂ ಹೊಳೆವ್ವನೂ ಹಿಂದಿನಿಂದ ನಿಧಾನವಾಗಿ ನಡೆದು ಮಧ್ಯಾಹ್ನದ ಹೊತ್ತಿಗೆ ಬಂದು ಮುಟ್ಟಿದರು. ಅಕ್ಕ ತನ್ನ ಕೂಸನ್ನು ಆಯಿಯ ಹತ್ತಿರ ಬಿಟ್ಟು ಬಂದಿದ್ದಾಳೆ. ಕೂಸು ಇನ್ನೂ ಕಣ್ಣು ಬಿಟ್ಟಿಲ್ಲ.

ಅದೇ ದಿನ, ಸಂಜೆ

ಉಚ್ಚೆ ಹೊಯ್ಯಿತು! ಡಾಕ್ಟರು, ಕಂಪೌಂಡರ, ಅಕ್ಕ, ಹೊಳೆವ್ವ, ನಾನು, ಎಲ್ಲರೂ ಒದ್ದೆಯಾದ ಅರಿವೆಯ ಸುತ್ತ ನಿಂತು ನಕ್ಕೆವು. ಇನ್ನು ಹೆದರಿಕೆಯಿಲ್ಲ ಎಂದರು ಡಾಕ್ಟರು. ಆಮೇಲೆ ಅನಸವ್ವ ಕಣ್ಣು ಬಿಟ್ಟು, ನನ್ನನ್ನು ನೋಡಿ, ಹೆದರಿ, ಕಣ್ಣೀರು ಹಾಕಿ ಅತ್ತಿತು. ಕಣ್ಣೀರು! ಗಲ್ಲದ ಮೇಲೆ ಹರಿಯಿತು.

ನಾನು ಹೊರಗೆ ಬಂದು ಕಟ್ಟೆಯ ಮೇಲೆ ಕುಳಿತೆ. ಕಾಲಲ್ಲಿ ಆರು ಬೊಬ್ಬೆ ಎದ್ದಿವೆ, ಈಗ ನೋಡಿಕೊಂಡೆ. ಹಸಿವು ಎಂದರೆ ಹಸಿವು. ಅಕ್ಕ ತಂದ ನಾಲ್ಕು ರೊಟ್ಟಿ ಒಬ್ಬನೇ ತಿಂದೆ.

ಆಗಸ್ಟ್ ೨೯

ಮೂರು ದಿನದ ಹಿಂದೆ ಬೀರಪ್ಪನ ಗುಡಿಯ ಕಟ್ಟೆಯ ಮೇಲೆ ಜನ ಕೂತಿದ್ದಾಗ ಹೋಗಿ ನಿಂತೆ. ಪಾಟೀಲರೂ ಇದ್ದರು.

"ಎಲ್ಲಾರೂ ಕೇಳ್ರಿ. ನನ್ನ ಎಣ್ಣಿ ರೊಟ್ಟಿ ಮ್ಯಾಲಿನ ಬೂಸರ ತಡೀತೈತಿ. ಅದನ್ನ ನಾ ಕಣ್ಣಾರೆ ನೋಡೇನಿ. ಹೊಟ್ಟಿ ಬ್ಯಾನಿಗೆ, ಜ್ವರಕ್ಕ, ಎದಿ ಬ್ಯಾನಿಗೆ ಆಗತೈತಿ ಅಂತ ನಾ ನೋಡಿಲ್ಲ. ಹಾಲ ಸೈತ ಅದು ಪೂರಾ ಕಾಯಲಿಲ್ಲ. ಅದನ್ನ ನಿಮಗ ಆಗ ಹೇಳಬೇಕಾಗಿತ್ತು, ಹೇಳಲಿಲ್ಲ. ಕೂಸಿಗೆ ಹೊಟ್ಟಿ ಕೆಟ್ರ ನನ್ನ ಕಡೆ ಬರಬ್ಯಾಡ್ರಿ. ಅಂಬಲಿ ತಿಳಿ ಕುಡಿಸಿ, ನೇಟ ಜಮಖಂಡಿಗೆ ಹೋಗ್ರಿ."

ಯಾರೋ ನಕ್ಕರು. ಯಾರೋ, "ಓದಿ ಓದಿ ಇಷ್ಟ ಆತೇನ," ಎಂದರು. ಪಾಟೀಲರು, "ನನ್ನ ಹಲ್ಲಂತೂ ಕಮ್ಮಿ ಆತಪ್ಪಾ," ಎಂದರು. ಹಲ್ಲಿಗೆ ಸಾಕ್ಷಿ ಇಲ್ಲರೀ ಎಂದೆ. ಅವರಿಗೆ ತಿಳಿಯಲಿಲ್ಲ, ಆದರೂ ತಲೆಯಾಡಿಸಿದರು.

ಆಯಿ ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ ಬಂದು, "ನಾನೂ ಊರಾಗ ಹೇಳಿಕೊಂಡ ತಿರಗೀನಿ. ಈ ತಪ್ಪಿನ್ಯಾಗ ನಂದೂ ಪಾಲೈತಿ," ಎಂದು ಕುಳಿತಳು. ಇಬ್ಬರೂ ಸೊಪ್ಪು ಬಿಡಿಸಿದೆವು.

ಸೆಪ್ಟೆಂಬರ್ ೧೭

ಧಾರವಾಡದ ನನ್ನ ಗುರುಗಳಿಗೆ ಒಂಬತ್ತು ಪುಟದ ಪತ್ರ ಬರೆದೆ. ಎಷ್ಟು ಹನಿಗೆ ಬೂಸರು ನಿಲ್ಲುತ್ತದೆ, ಎಷ್ಟಕ್ಕೆ ನಿಲ್ಲುವುದಿಲ್ಲ, ಮುಚ್ಚಳ ತೆರೆದರೆ ಎರಡೇ ದಿನದಲ್ಲಿ ಮತ್ತೆ ಹೇಗೆ ಚಿಗುರುತ್ತದೆ. ಎಂದರೆ ಈ ಎಣ್ಣೆ ಬೂಸರನ್ನು ಕೊಲ್ಲುವುದಿಲ್ಲ, ಮಲಗಿಸುತ್ತದೆ. ಇದು ತಿಳಿಯಲು ನಲವತ್ತೆಂಟು ಪಣತಿ ಬೇಕಾದವು. ಹಾಲಿನ ಸೋಲನ್ನೂ ಬರೆದೆ. ಹೊಳೆವ್ವನ ಕೂಸಿನ ವಿಷಯವನ್ನೂ ಬರೆದೆ, ಅದು ರಸಾಯನಶಾಸ್ತ್ರವಲ್ಲದಿದ್ದರೂ.

ಟಪಾಲು ಹಾಕಲು ಜಮಖಂಡಿಗೆ ಹೋಗಿ ಬಂದೆ. ಮಧ್ಯಾಹ್ನದ ಊಟಕ್ಕೆ ತಿರುಗಿ ಮನೆಯಲ್ಲಿದ್ದೆ.

ಅಕ್ಟೋಬರ್ ೫

ಗುರುಗಳ ಉತ್ತರ ಬಂತು. ನಾಲ್ಕೇ ಸಾಲು. 'ಕೆಲಸ ಅಚ್ಚುಕಟ್ಟಾಗಿದೆ. ಆಗಲಿಲ್ಲ ಎಂದು ಬರೆದ ಭಾಗ ಆಯಿತು ಎಂದು ಬರೆದ ಭಾಗಕ್ಕಿಂತ ಚೆನ್ನಾಗಿದೆ. ನಿನ್ನ ಮೇಜು ಹಾಗೇ ಇದೆ. ಆರೋಗ್ಯ ನೋಡಿಕೊಂಡು ಬಾ.'

ಐದು ಸಲ ಓದಿದೆ.

ಅಕ್ಟೋಬರ್ ೨೮

ದೀವಳಿಗೆಯಲ್ಲಿ ಬರೆಯಲಾಗಲಿಲ್ಲ. ಮಾವನ ಹಿಂಡು ಮರಳಿ ಬಂದಿದೆ. ಕುರಿ ತೊಳೆಯಲು ಹೊಳೆಗೆ ಹೋಗಿದ್ದೆವು. ಮಾವ ಒಂದು ಟಗರು ಹಿಡಿದರೆ ನಾನೊಂದು. ಟಗರು ನನ್ನನ್ನು ಎರಡು ಸಲ ನೀರಿಗೆ ಕೆಡವಿತು. ಮಾವ ನಕ್ಕು ನಕ್ಕು ದಂಡೆಯಲ್ಲಿ ಕೂತುಬಿಟ್ಟ. ಹೊಳೆವ್ವನಿಗೆ ಗಂಡು ಹುಟ್ಟಿದೆ. ಅನಸವ್ವ ಈಗ ನನ್ನನ್ನು ಕಂಡರೆ ಅಳುವುದಿಲ್ಲ, ಕಂಬಳಿಯೊಳಗೆ ಸೇರಿಕೊಳ್ಳಲು ಬರುತ್ತದೆ. ಮೈಕೈ ನೋವು. ನಿದ್ದೆ ಎಳೆಯುತ್ತಿದೆ, ಸಾಕು.

ನವೆಂಬರ್ ೩೦

ಬರುವ ಸೋಮವಾರ ಮಿರಜಕ್ಕೆ. ಇಷ್ಟು ದಿನ ಮರೆತಂತಿದ್ದೆ. ಈಗ ಊಟ ಸೇರುತ್ತಿಲ್ಲ. ಅಂಗಿಯ ಗುಂಡಿ ಎದೆಯ ಮೇಲೆ ಬಿಗಿಯುತ್ತದೆ. ಬಾವು ಬಂದಿದೆಯೋ ಏನೋ. ಅಕ್ಕನಿಗೆ ಹೇಳಿದರೆ, "ಬಾವಲ್ಲೋ, ಮೈ ತುಂಬೈತಿ," ಎಂದಳು. ಅವಳು ಹಾಗೆ ಹೇಳದೆ ಇನ್ನೇನು ಹೇಳುತ್ತಾಳೆ?

ಡಿಸೆಂಬರ್ ೬, ಮಿರಜ

ತೂಕದ ಯಂತ್ರ ನೂರ ಇಪ್ಪತ್ತಾರು ಪೌಂಡು ತೋರಿಸಿತು. ಜೂನಿನಲ್ಲಿ ಇಲ್ಲಿಂದ ಹೋಗುವಾಗ ತೊಂಬತ್ತೆಂಟು ಇದ್ದದ್ದು. ಯಂತ್ರ ಕೆಟ್ಟಿದೆ ಎಂದು ಇಳಿದೆ. ನರ್ಸು ಮತ್ತೆ ಹತ್ತಿಸಿದರು. ಮತ್ತೆ ನೂರ ಇಪ್ಪತ್ತಾರು.

ಎಕ್ಸ್-ರೇ ತೆಗೆದಿದ್ದಾರೆ. ನಾಳೆ ಹೇಳುತ್ತಾರೆ. ನನ್ನ ಹಳೆಯ ಮಂಚದಲ್ಲಿ ಬೆಳಗಾವಿ ಕಡೆಯ ಒಬ್ಬ ಮುದುಕ ಮಲಗಿದ್ದಾನೆ. ಅವನಿಗೆ ನೀರು ಕೊಟ್ಟು, ಗುಳಿಗೆ ತಪ್ಪಿಸಬೇಡಿ ಅಜ್ಜಾ ಎಂದು ಹೇಳಿ ಬಂದೆ.

ಡಿಸೆಂಬರ್ ೮, ಹುನ್ನೂರ

ನಿನ್ನೆ ಡಾಕ್ಟರು ಎರಡು ಎಕ್ಸ್-ರೇಗಳನ್ನು ಪಕ್ಕಪಕ್ಕ ಕಿಟಕಿಗೆ ಹಿಡಿದರು. ಮೊದಲನೆಯದರಲ್ಲಿ ಮೋಡ. ಎರಡನೆಯದರಲ್ಲಿ ನೂಲಿನಂಥ ಒಂದು ಬಿಳಿ ಗೆರೆ.

"ಇದು ಒಣಗಿದ ಗಾಯದ ಗುರುತು. ಆಪರೇಶನ್ ಬೇಡ. ಇನ್ನೊಂದು ವರ್ಷ ಗುಳಿಗೆ ಬಿಡಬೇಡಿ, ವರ್ಷಕ್ಕೊಮ್ಮೆ ಬಂದು ತೋರಿಸಿ. ಧಾರವಾಡಕ್ಕೆ ಹೋಗಿ, ಓದಿ."

ಎದ್ದು ನಮಸ್ಕಾರ ಮಾಡಿದೆ, ಕುಳಿತೆ, ಮತ್ತೆ ಎದ್ದು ನಮಸ್ಕಾರ ಮಾಡಿದೆ. ಕೊನೆಗೆ ಕೇಳಿದೆ. "ಯಾವಾಗ ಒಣಗಿತರೀ ಇದು?"

"ಅದನ್ನ ನೀವ ಹೇಳಬೇಕು. ನಿಮಗ ಗೊತ್ತಾಗಲಿಲ್ಲೇನು?"

ಇಲ್ಲ ಎಂದೆ. ಅದು ಸುಳ್ಳಲ್ಲ.

ಕುಡಚಿಯವರೆಗೆ ರೈಲು, ಹೊಳೆ ದಾಟಿ ಮೋಟಾರು, ರಾತ್ರಿ ಜಮಖಂಡಿಯ ಧರ್ಮಶಾಲೆ. ಬೆಳಗಾಗುತ್ತಲೇ ಹುನ್ನೂರಿನ ಹಾದಿ ಹಿಡಿದೆ. ಹಾದಿಗೆ ಹೊಂದಿದ ತೋಟದಲ್ಲಿ ಅಕ್ಕ ಮೆಣಸಿನಕಾಯಿ ಹರಿಯುತ್ತಿದ್ದಳು. ನಡುವೆ ಎರಡು ಹೊಲ. ಬೆನ್ನು ಈ ಕಡೆ. ನಡೆದು ಹೋಗಿ ಹೇಳುವಷ್ಟು ತಾಳ್ಮೆ ಇರಲಿಲ್ಲ. ಹಾದಿಯಲ್ಲೇ ನಿಂತು, ಎರಡೂ ಕೈ ಬಾಯಿಗೆ ಹಚ್ಚಿ, ಕುರಿಯವರು ಗುಡ್ಡದಿಂದ ಗುಡ್ಡಕ್ಕೆ ಕೂಗುತ್ತಾರಲ್ಲ, ಹಾಗೆ ಕೂಗಿದೆ.

"ಯಕ್ಕಾ! ಆರಾಮ ಆತು! ಪೂರಾ ಆರಾಮ ಆತು!"

ಅಕ್ಕ ತಿರುಗಿದಳು. ಮೆಣಸಿನಕಾಯಿಯ ಬುಟ್ಟಿ ಸೊಂಟದ ಮೇಲಿತ್ತು. ಅಲ್ಲಿಂದಲೇ ಸಿಟ್ಟಿನಿಂದ ಒದರಿದಳು.

"ಹಂಗ ಒದರಬ್ಯಾಡೋ! ಎದಿ ನೊಂದೀತು!"

ಅಂದವಳು ಹಾಗೇ ನಿಂತಳು. ತಾನು ಅಂದದ್ದು ಅವಳಿಗೇ ಕೇಳಿಸಿತೆಂದು ಕಾಣುತ್ತದೆ. ಬುಟ್ಟಿ ಜಾರಿ ಕಾಯಿಯೆಲ್ಲ ಸಾಲಿನಲ್ಲಿ ಚೆಲ್ಲಿದವು. ಅವಳು ಸೆರಗು ಬಾಯಿಗೆ ಒತ್ತಿಕೊಂಡು ಕೆಂಪು ಕಾಯಿಗಳ ನಡುವೆ ಕುಳಿತುಬಿಟ್ಟಳು. ನಗುತ್ತಿದ್ದಳೋ ಅಳುತ್ತಿದ್ದಳೋ ಅಷ್ಟು ದೂರದಿಂದ ತಿಳಿಯಲಿಲ್ಲ. ಆಮೇಲೆ ಒಂದು ಕೈ ಎತ್ತಿ, ಇನ್ನೊಮ್ಮೆ, ಇನ್ನೊಮ್ಮೆ ಎಂದು ಬೀಸಿದಳು.

ನಾನು ಎದೆ ತುಂಬ ಉಸಿರು ಎಳೆದುಕೊಂಡು ಮತ್ತೆ ಕೂಗಿದೆ.